ಅರೆತಲೆಬೇನೆ: ಕೊಪ್ಪಳ ಸೀಮೆಯ ನುಡಿ ಮತ್ತು ಮಿದುಳು ಚಿತ್ರಣದ ಚರಿತ್ರೆ

ಜನಪದ ಆರೋಗ್ಯ ಪರಂಪರೆಯನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆ, ಮಂತ್ರ, ನಾಟಿ ಚಿಕಿತ್ಸೆಗಳ ಸಂಗ್ರಹಕ್ಕೆ ಒತ್ತು ನೀಡುತ್ತ ಬಂದಿವೆ. ನೋವುಂಡವರು ತಮ್ಮ ನೋವನ್ನು ಯಾವ ನುಡಿಯಲ್ಲಿ ಹೇಳಿಕೊಳ್ಳುತ್ತಾರೆ, ಆ ನುಡಿಗೆ ಜ್ಞಾನದ ದೃಷ್ಟಿಯಿಂದ ಏನು ಬೆಲೆ ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಈ ಪ್ರಶ್ನೆಗಳನ್ನು ಎತ್ತಲು ಅರೆತಲೆನೋವು, ಅಂದರೆ ವೈದ್ಯಶಾಸ್ತ್ರವು ಮೈಗ್ರೇನ್ ಎಂದು ಕರೆಯುವ ಬೇನೆ, ಅತ್ಯಂತ ಸೂಕ್ತವಾದ ನಿದರ್ಶನವಾಗಿದೆ. ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ನೋಡುವವರ ಕಣ್ಣಿಗೆ ಏನೂ ಕಾಣದು. ನೋವಿಗೆ ನೊಂದವರ ಮಾತೊಂದೇ ಸಾಕ್ಷಿ. ಕಳೆದ ನಾಲ್ಕೈದು ದಶಕಗಳಲ್ಲಿ ಮಿದುಳು ಚಿತ್ರಣ ವಿಧಾನಗಳು ಈ ಕಾಣದ ನೋವಿನ ಕೆಲವು ಕುರುಹುಗಳನ್ನು ಕಣ್ಣಿಗೆ ತೋರಿಸಿವೆ. ಚಿತ್ರವು ತೋರಿಸಿದ್ದಕ್ಕೂ ಮಾತು ಹೇಳುತ್ತ ಬಂದದ್ದಕ್ಕೂ ಇರುವ ಸಂಬಂಧವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶದ ಆಡುನುಡಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರಿನಲ್ಲಿರುವ ಅರ್ಧ

ಕೊಪ್ಪಳ ಜಿಲ್ಲೆಯು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡಿತು. ಆಗ ಅದರಲ್ಲಿದ್ದವು ಈ ನಾಲ್ಕು ತಾಲೂಕುಗಳೇ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಈ ರಾಜಕೀಯ ಚರಿತ್ರೆಯಿಂದಾಗಿ ಇಲ್ಲಿ ಆಯುರ್ವೇದ, ಯುನಾನಿ ಮತ್ತು ನಾಟಿ ವೈದ್ಯ ಎಂಬ ಮೂರು ಧಾರೆಗಳು ಅಕ್ಕಪಕ್ಕದಲ್ಲಿ ಬಾಳಿದವು. ಪಂಡಿತರು, ಹಕೀಮರು, ಊರಿನ ನಾಟಿ ವೈದ್ಯರು ಒಂದೇ ಬೇನೆಗೆ ತಮ್ಮ ತಮ್ಮ ಹೆಸರುಗಳನ್ನು ಹೊಂದಿದ್ದರು.

ಗಮನಾರ್ಹ ಸಂಗತಿಯೆಂದರೆ ಆ ಹೆಸರುಗಳೆಲ್ಲವೂ ಒಂದೇ ಲಕ್ಷಣವನ್ನು ಹಿಡಿಯುತ್ತವೆ. ಸುಶ್ರುತ ಸಂಹಿತೆಯ ಉತ್ತರತಂತ್ರವು ಎಣಿಸುವ ಹನ್ನೊಂದು ಶಿರೋರೋಗಗಳಲ್ಲಿ ‘ಅರ್ಧಾವಭೇದಕ’ ಒಂದು; ತಲೆಯ ಅರ್ಧವನ್ನು ಒಡೆಯುವಂಥದು ಎಂಬುದು ಅದರ ಅರ್ಥ. ಅದೇ ಪಟ್ಟಿಯಲ್ಲಿರುವ ‘ಸೂರ್ಯಾವರ್ತ’ವು ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ತಲೆಶೂಲೆ. ಯುನಾನಿ ಪರಂಪರೆಯ ‘ಶಕೀಕಾ’ ಕೂಡ ತಲೆಯ ಒಂದು ಪಾಲಿನ ನೋವನ್ನೇ ಸೂಚಿಸುತ್ತದೆ. ಹಿಂದಿ, ಉರ್ದುಗಳಲ್ಲಿ ಅದು ‘ಆಧಾಸೀಸಿ’, ಮರಾಠಿಯಲ್ಲಿ ‘ಅರ್ಧಶಿಶಿ’. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಬಳಸಿದ ‘ಹೆಮಿಕ್ರೇನಿಯಾ’, ಅಂದರೆ ಅರೆದಲೆಬುರುಡೆ ಎಂಬ ಪದವೇ ಸವೆದು ಸವೆದು ಫ್ರೆಂಚಿನ ಮೂಲಕ ‘ಮೈಗ್ರೇನ್’ ಆಯಿತು. ಕೊಪ್ಪಳ ಸೀಮೆಯ ಹೆಣ್ಣುಮಗಳು “ಅರ್ಧಾ ತಲಿ ಹಿಡದೈತಿ” ಎಂದಾಗ ಈ ಎಲ್ಲ ಪರಂಪರೆಗಳು ಹೇಳಿದ್ದನ್ನೇ ತನ್ನ ನುಡಿಯಲ್ಲಿ ಹೇಳುತ್ತಾಳೆ. ಅವಳು ಯಾವ ಸಂಹಿತೆಯಿಂದಲೂ ಅದನ್ನು ಎರವಲು ಪಡೆಯಬೇಕಿಲ್ಲ. ನೋವೇ ಆ ಹೆಸರನ್ನು ಕಲಿಸುತ್ತದೆ.

2. ಮಾತೇ ನಿದಾನ

ಅರೆತಲೆನೋವನ್ನು ಗುರುತಿಸಲು ರಕ್ತಪರೀಕ್ಷೆಯಿಲ್ಲ, ಸ್ಕ್ಯಾನ್ ಕೂಡ ಇಲ್ಲ. ಅಂತರರಾಷ್ಟ್ರೀಯ ತಲೆನೋವು ಸಂಘವು 1988ರಲ್ಲಿ ಮೊದಲ ಬಾರಿಗೆ ಪ್ರಕಟಿಸಿ, 2018ರಲ್ಲಿ ಮೂರನೆಯ ಆವೃತ್ತಿಗೆ ತಂದ ವರ್ಗೀಕರಣದ ಮಾನದಂಡಗಳು ರೋಗಿ ಹೇಳುವ ಲಕ್ಷಣಗಳನ್ನೇ ಆಧರಿಸಿವೆ. ಚಿಕಿತ್ಸೆಯಿಲ್ಲದಿದ್ದರೆ ನೋವು 4ರಿಂದ 72 ಗಂಟೆ ಇರಬೇಕು. ಅಂಥ ದಾಳಿಗಳು ಕನಿಷ್ಠ ಐದು ಬಾರಿ ಬಂದಿರಬೇಕು. ಒಂದೇ ಬದಿಯಲ್ಲಿರುವುದು, ನಾಡಿಯಂತೆ ಮಿಡಿಯುವುದು, ಸಾಧಾರಣದಿಂದ ತೀವ್ರ ಪ್ರಮಾಣದ್ದಾಗಿರುವುದು, ನಡೆದಾಡಿದರೆ ಹೆಚ್ಚುವುದು ಎಂಬ ನಾಲ್ಕರಲ್ಲಿ ಎರಡಾದರೂ ಕಂಡುಬರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೆ ಬೆಳಕು ಮತ್ತು ಸದ್ದು ಎರಡೂ ಸಹನೆಯಾಗದಂತಿರಬೇಕು. ಬೇರೊಂದು ಕಾಯಿಲೆ ಈ ನೋವಿಗೆ ಕಾರಣವಲ್ಲ ಎಂಬುದೂ ಖಚಿತವಾಗಬೇಕು.

ಈ ಮಾನದಂಡಗಳನ್ನು ಆಡುನುಡಿಯ ಪಕ್ಕದಲ್ಲಿಟ್ಟು ನೋಡಬಹುದು. “ತಲಿ ಸಿಡಿಯಾಕ ಹತ್ತೈತಿ” ಎಂಬ ಮಾತು ಮಿಡಿತವನ್ನು ಹೇಳುತ್ತದೆ. ‘ಸಿಡಿ’ ಎಂಬ ಧಾತುವಿನಲ್ಲಿ ಒಳಗಿನಿಂದ ಹೊರಕ್ಕೆ ಚಿಮ್ಮುವ ಬಲದ ಸೂಚನೆಯಿದೆ. ಅದು ‘ತಲಿ ಭಾರ’ ಎಂಬ ಮಂದನೋವಿಗಿಂತ ಬೇರೆ ಎಂಬುದು ಮಾತನಾಡುವವರಿಗೆ ಸ್ಪಷ್ಟವಿರುತ್ತದೆ. “ಬೆಳಕು ನೋಡಾಕ ಆಗವಲ್ದು, ಸಪ್ಪಳ ಸೇರವಲ್ದು” ಎಂಬುದು ಬೆಳಕು, ಸದ್ದುಗಳ ಅಸಹನೆ. “ಬಗ್ಗಿದ್ರ ತಲಿ ಕಿತ್ತು ಬೀಳತೈತಿ” ಎಂಬುದು ಚಲನೆಯಿಂದ ಹೆಚ್ಚುವ ನೋವು. “ವಾಕರಿಕಿ ಬರತೈತಿ, ಪಿತ್ತ ತಲಿಗೇರೈತಿ” ಎಂಬುದು ಹೊಟ್ಟೆಯ ಲಕ್ಷಣ. ಕಾರಿಕೊಂಡ ಮೇಲೆ ನೋವು ಇಳಿಯುತ್ತದೆ ಎಂಬ ಅನುಭವವೂ ಇದರೊಡನೆ ಸೇರಿಕೊಂಡಿದೆ. ಒಂದು ಶಾಸ್ತ್ರೀಯ ಪ್ರಶ್ನಾವಳಿಯ ಬಹುಪಾಲು ಅಂಶಗಳು ಪ್ರಶ್ನೆ ಕೇಳುವ ಮೊದಲೇ ಆಡುನುಡಿಯಲ್ಲಿ ಉತ್ತರ ಪಡೆದಿವೆ.

ಜನಪದ ಉಪಚಾರಗಳಲ್ಲೂ ಇದೇ ಅವಲೋಕನ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಮಲಗಿಸುವುದು, ಹಣೆಗೆ ಬಟ್ಟೆ ಬಿಗಿದು ಕಟ್ಟುವುದು, ಶುಂಠಿ ತೇಯ್ದು ಪಟ್ಟು ಹಾಕುವುದು, ತುಂಬೆಯ ರಸವನ್ನು ಮೂಗಿಗೆ ಬಿಡುವುದು, ಉಪ್ಪು ಮೆಣಸಿನಕಾಯಿಯಿಂದ ನೆದರು ತೆಗೆಯುವುದು ಮೊದಲಾದವು ಈ ಭಾಗದಲ್ಲಿ ಪರಿಚಿತ. ಇವೆಲ್ಲವೂ ಸಮಾನ ಮೌಲ್ಯದವಲ್ಲ. ಕತ್ತಲೆ ಮತ್ತು ನಿಶ್ಶಬ್ದದ ವಿಶ್ರಾಂತಿಯನ್ನು ಇಂದಿನ ವೈದ್ಯರೂ ಸೂಚಿಸುತ್ತಾರೆ. ಹಣೆಗೆ ಬರೆ ಹಾಕುವಂಥ ಕ್ರಮಗಳು ಗಾಯವನ್ನಷ್ಟೇ ಉಳಿಸುತ್ತವೆ. ಪರಂಪರೆಯೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಎತ್ತಿ ಹಿಡಿಯುವುದಾಗಲಿ, ಮೂಢನಂಬಿಕೆಯೆಂದು ಎಲ್ಲವನ್ನೂ ತಳ್ಳಿಹಾಕುವುದಾಗಲಿ ಸಂಶೋಧನೆಯ ದಾರಿಯಲ್ಲ.

3. ಮಿಂಚಿನ ಗೆರೆಯಿಂದ ಯಂತ್ರದ ಚಿತ್ರಕ್ಕೆ

ಕೆಲವರಿಗೆ ತಲೆನೋವು ಬರುವ ಮುನ್ನ “ಕಣ್ಣಮುಂದ ಮಿಂಚು ಹೊಡದಂಗ” ಆಗುತ್ತದೆ. ದೃಷ್ಟಿಯ ನಡುವೆ ಸಣ್ಣದೊಂದು ಮಸುಕು ಹುಟ್ಟಿ, ಅದರ ಅಂಚಿನಲ್ಲಿ ಹೊಳೆಯುವ ಅಂಕುಡೊಂಕು ಗೆರೆ ಮೂಡಿ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಹರಡಿ ಮರೆಯಾಗುತ್ತದೆ. ಉತ್ತರ ಕರ್ನಾಟಕದ ಕಸೂತಿಯನ್ನು ಬಲ್ಲವರಿಗೆ ಆ ಗೆರೆಯು ಮುರಗಿ ಹೊಲಿಗೆಯನ್ನು ನೆನಪಿಗೆ ತರುವಂತಿರುತ್ತದೆ. ಇದನ್ನು ವೈದ್ಯರು ‘ಆರಾ’ ಎನ್ನುತ್ತಾರೆ. ಇಂಗ್ಲೆಂಡಿನ ಹ್ಯೂಬರ್ಟ್ ಏರಿ 1870ರಲ್ಲಿ ತನಗೆ ಕಾಣುತ್ತಿದ್ದ ಈ ಗೆರೆಗಳನ್ನು ಹಂತಹಂತವಾಗಿ ಚಿತ್ರಿಸಿ ಪ್ರಕಟಿಸಿದನು. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನ್ನದೇ ದೃಷ್ಟಿಯಲ್ಲಿ ಹರಡುತ್ತಿದ್ದ ಮಸುಕಿನ ವೇಗವನ್ನು ಅಳೆದನು. ಮಿದುಳಿನ ಹಿಂಭಾಗದ ದೃಷ್ಟಿ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರಬೇಕೆಂದು ಆತ ಲೆಕ್ಕ ಹಾಕಿದನು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವೊ ಮೊಲಗಳ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ನಿಧಾನಗತಿಯಲ್ಲಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯನ್ನು ಕಂಡುಹಿಡಿದನು. ಈ ಎರಡೂ ಒಂದೇ ಇರಬಹುದೆಂಬ ಊಹೆ 1958ರಲ್ಲಿ ಮುಂದಿಡಲ್ಪಟ್ಟಿತು.

ಊಹೆಯನ್ನು ಮನುಷ್ಯನ ಮಿದುಳಿನಲ್ಲಿ ಪರೀಕ್ಷಿಸಲು ಯಂತ್ರಗಳು ಬೇಕಾಗಿದ್ದವು. 1895ರಲ್ಲಿ ಬಂದ ಎಕ್ಸ್‌ರೇ ತಲೆಬುರುಡೆಯನ್ನು ತೋರಿಸಿತೇ ಹೊರತು ಮಿದುಳನ್ನಲ್ಲ. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್‌ನ ಸಿಟಿ ಯಂತ್ರವು ಮೊದಲ ರೋಗಿಯ ಮಿದುಳಿನ ಚಿತ್ರವನ್ನು ಕೊಟ್ಟಿತು. ಎಂಆರ್‌ಐ ವಿಧಾನಕ್ಕೆ 1973ರಲ್ಲಿ ಪಾಲ್ ಲಾಟರ್‌ಬರ್ ಅಡಿಪಾಯ ಹಾಕಿದನು. ಇವು ಮಿದುಳಿನ ರಚನೆಯನ್ನು ತೋರಿಸುವ ವಿಧಾನಗಳು. ಅರೆತಲೆನೋವಿನ ಮಟ್ಟಿಗೆ ಬೇಕಾದದ್ದು ರಚನೆಗಿಂತ ಹೆಚ್ಚಾಗಿ ಕ್ರಿಯೆಯ ಚಿತ್ರ. ಏಕೆಂದರೆ ಇದು ಬಂದು ಹೋಗುವ ಬೇನೆ. 1981ರಲ್ಲಿ ಕೋಪನ್‌ಹೇಗನ್‌ನ ಯೆಸ್ ಓಲ್ಸನ್ ಮತ್ತು ಸಂಗಡಿಗರು ವಿಕಿರಣಶೀಲ ಜೆನಾನ್ ಬಳಸಿ ರಕ್ತಸಂಚಾರವನ್ನು ಅಳೆದು, ಆರಾ ಇರುವವರಲ್ಲಿ ಮಿದುಳಿನ ಹಿಂಭಾಗದಿಂದ ಮುಂದಕ್ಕೆ ರಕ್ತಸಂಚಾರ ನಿಧಾನವಾಗಿ ತಗ್ಗುತ್ತ ಹರಡುವುದನ್ನು ತೋರಿಸಿದರು. 2001ರಲ್ಲಿ ನೌಶೀನ್ ಹಜಿಖಾನಿ ಮತ್ತು ಸಂಗಡಿಗರು ಕ್ರಿಯಾತ್ಮಕ ಎಂಆರ್‌ಐ ಮೂಲಕ ಆರಾ ನಡೆಯುತ್ತಿರುವಾಗಲೇ ದೃಷ್ಟಿ ಹೊರಪದರದ ಮೇಲೆ ಅಲೆಯೊಂದು ಸಾಗುವುದನ್ನು ದಾಖಲಿಸಿದರು. ಅದರ ವೇಗ ನಿಮಿಷಕ್ಕೆ ಸುಮಾರು 3.5 ಮಿಲಿಮೀಟರ್.

ಲ್ಯಾಶ್ಲಿಯ ಲೆಕ್ಕಕ್ಕೂ ಯಂತ್ರದ ದಾಖಲೆಗೂ ನಡುವೆ ಅರವತ್ತು ವರ್ಷಗಳ ಅಂತರವಿದೆ. ಕಾಗದ, ಪೆನ್ಸಿಲು ಹಿಡಿದು ತನ್ನ ಅನುಭವವನ್ನೇ ಗಮನಿಸಿದ ವ್ಯಕ್ತಿ ಹೇಳಿದ್ದನ್ನು ಯಂತ್ರ ಬಹುಮಟ್ಟಿಗೆ ಅನುಮೋದಿಸಿತು. ಈ ಚರಿತ್ರೆಯಲ್ಲಿ ನಿರೂಪಣೆ ಮೊದಲು ಬಂದಿತು, ಚಿತ್ರ ಆಮೇಲೆ ಬಂದಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಅತ್ಯಂತ ಮಹತ್ವದ ಅಂಶ.

ರಕ್ತನಾಳಗಳು ಹಿಗ್ಗುವುದೇ ನೋವಿಗೆ ಕಾರಣವೆಂಬ ಸಿದ್ಧಾಂತವು ಇಪ್ಪತ್ತನೆಯ ಶತಮಾನದ ನಡುವೆ ಬಲವಾಗಿ ಬೇರೂರಿತ್ತು. ಚಿತ್ರಣವು ಅದನ್ನೂ ಸಡಿಲಿಸಿತು. 1995ರಲ್ಲಿ ಜರ್ಮನಿಯ ಸಂಶೋಧಕರು ಒಂಬತ್ತು ರೋಗಿಗಳನ್ನು ನೋವಿನ ಸಮಯದಲ್ಲೇ ಪೆಟ್ ವಿಧಾನದಿಂದ ಪರೀಕ್ಷಿಸಿದಾಗ ಮಿದುಳುಕಾಂಡದಲ್ಲಿ ಹೆಚ್ಚಿದ ಚಟುವಟಿಕೆ ಕಂಡಿತು. ಔಷಧದಿಂದ ನೋವು ನಿಂತ ಮೇಲೂ ಆ ಚಟುವಟಿಕೆ ಮುಂದುವರಿದಿತ್ತು. 2013ರಲ್ಲಿ ಕೋಪನ್‌ಹೇಗನ್‌ನಲ್ಲಿ 19 ಮಹಿಳೆಯರ ರಕ್ತನಾಳಗಳನ್ನು ದಾಳಿಯ ವೇಳೆ ಎಂಆರ್‌ಐ ಮೂಲಕ ಅಳೆದಾಗ ತಲೆಬುರುಡೆಯ ಹೊರಗಿನ ನಾಳಗಳು ಹಿಗ್ಗಿರಲಿಲ್ಲ. ಒಳಗಿನವು ನೋವಿನ ಬದಿಯಲ್ಲಿ ಅಲ್ಪಮಾತ್ರ ಹಿಗ್ಗಿದ್ದವು. ಹೀಗೆ ಅರೆತಲೆನೋವು ರಕ್ತನಾಳದ ಕಾಯಿಲೆ ಎಂಬ ಸ್ಥಾನದಿಂದ ಮಿದುಳಿನ ಕಾಯಿಲೆ ಎಂಬ ಸ್ಥಾನಕ್ಕೆ ಬಂದಿತು.

4. ಬಿಸಿಲು, ನಿದ್ದೆ, ಹಸಿವು

ತಲೆನೋವಿಗೆ ಕಾರಣವೇನೆಂದು ಕೇಳಿದರೆ ಈ ಭಾಗದ ಜನರು ಸಾಮಾನ್ಯವಾಗಿ ಹೇಳುವವು ಮೂರು: ಬಿಸಿಲು ಬಡಿಯಿತು, ನಿದ್ದೆಗೆಟ್ಟಿತು, ಊಟ ಹೊತ್ತು ತಪ್ಪಿತು. ಇಲ್ಲಿನ ದುಡಿಮೆಯ ಸ್ವರೂಪವನ್ನು ಬಲ್ಲವರಿಗೆ ಇದು ಸಹಜವೆನಿಸುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಲ್ಲಿ ಭತ್ತದ ನಾಟಿಯೆಂದರೆ ನೆತ್ತಿಯ ಮೇಲೆ ಬಿಸಿಲು, ಕಾಲಡಿಯಲ್ಲಿ ನೀರು, ದಿನವಿಡೀ ಬಗ್ಗಿದ ಬೆನ್ನು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಬೇಸಾಯದಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಅನಿವಾರ್ಯತೆ. ಅಲ್ಲಿ ಊಟಕ್ಕೂ ನಿದ್ದೆಗೂ ಹೊತ್ತೆಂಬುದಿಲ್ಲ. ಇದರ ಮೇಲೆ ವಾರದ ಒಪ್ಪೊತ್ತು, ಹಬ್ಬದ ಉಪವಾಸ, ಜಾತ್ರೆಯ ಜಾಗರಣೆಗಳು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತವೆ.

ಹಸಿವು, ನಿದ್ದೆ, ಮೈಯ ಬಿಸಿ ಈ ಮೂರನ್ನೂ ನಿಯಂತ್ರಿಸುವ ಮಿದುಳಿನ ಭಾಗ ಹೈಪೊಥಲಮಸ್. ಸಂಶೋಧಕರ ತಂಡವೊಂದು 2014ರಲ್ಲಿ ಪ್ರಕಟಿಸಿದ ಪೆಟ್ ಅಧ್ಯಯನವು ಔಷಧದಿಂದ ದಾಳಿಯನ್ನು ಪ್ರಚೋದಿಸಿ, ನೋವು ಆರಂಭವಾಗುವ ಮುನ್ನವೇ ಆ ಭಾಗದಲ್ಲಿ ಚಟುವಟಿಕೆ ಹೆಚ್ಚುವುದನ್ನು ತೋರಿಸಿತು. 2016ರಲ್ಲಿ ಹ್ಯಾಂಬರ್ಗ್‌ನ ಲಾರಾ ಶುಲ್ಟೆ ಮತ್ತು ಆರ್ನೆ ಮೇ ಒಬ್ಬ ಮಹಿಳೆಯನ್ನು 30 ದಿನಗಳ ಕಾಲ ಪ್ರತಿದಿನ ಸ್ಕ್ಯಾನ್ ಮಾಡಿದ ಅಪರೂಪದ ಅಧ್ಯಯನವನ್ನು ಪ್ರಕಟಿಸಿದರು. ಆ ಅವಧಿಯಲ್ಲಿ ಆಕೆಗೆ ಮೂರು ದಾಳಿಗಳಾದವು. ನೋವು ಬರುವ ಹಿಂದಿನ ದಿನವೇ ಹೈಪೊಥಲಮಸ್‌ನ ವರ್ತನೆ ಬದಲಾಗಿತ್ತು. ಒಂದೇ ವ್ಯಕ್ತಿಯ ಚಿತ್ರವಾದ್ದರಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೆ ಅದು ತೋರಿಸಿದ ದಿಕ್ಕು ಸ್ಪಷ್ಟವಾಗಿದೆ.

ಇಲ್ಲಿ ಜನಪದ ಕಾರಣಮೀಮಾಂಸೆಯನ್ನು ಅನುಮೋದಿಸುವ ಅಂಶವೂ ಇದೆ, ತಿದ್ದುವ ಅಂಶವೂ ಇದೆ. ನಿದ್ದೆ, ಊಟಗಳ ಏರುಪೇರಿಗೂ ತಲೆನೋವಿಗೂ ಸಂಬಂಧವುಂಟೆಂಬ ಲೋಕಾನುಭವಕ್ಕೆ ಮಿದುಳಿನಲ್ಲಿ ಒಂದು ನೆಲೆ ದೊರೆತಂತಾಯಿತು. ಆದರೆ ಕಾರಣವೆಂದು ತೋರುವುದು ಕೆಲವೊಮ್ಮೆ ದಾಳಿಯ ಮೊದಲ ಲಕ್ಷಣವೇ ಆಗಿರಬಹುದು. ಆಕಳಿಕೆ, ಸಿಹಿ ತಿನ್ನುವ ಆಸೆ, ಬೆಳಕಿನ ಅಸಹನೆ ಇವು ನೋವಿಗೆ ಗಂಟೆಗಳ ಮೊದಲೇ ಆರಂಭವಾಗಬಲ್ಲವು. ಬಿಸಿಲು ಬಡಿದು ತಲೆನೋವು ಬಂತು ಎನ್ನುವವರಲ್ಲಿ ಕೆಲವರಿಗೆ ಆ ಬೆಳಗಿನ ಹೊತ್ತಿಗೆ ದಾಳಿ ಒಳಗೊಳಗೇ ಶುರುವಾಗಿದ್ದು, ಅದರಿಂದಲೇ ಬಿಸಿಲು ಅಷ್ಟು ಚುಚ್ಚಿರಲೂ ಸಾಧ್ಯ. ಬೆಲ್ಲ ತಿಂದದ್ದರಿಂದ ಪಿತ್ತವಾಯಿತು ಎಂಬ ಮಾತಿನಲ್ಲೂ ಮುಂಚಿನದು ಹಿಂದಿನದಾಗಿರಬಹುದು.

ಕರ್ನಾಟಕಕ್ಕೆ ಹತ್ತಿರವಾದ ಇನ್ನೊಂದು ಪ್ರಚೋದಕವೂ ಇದೆ. ವಾರಕ್ಕೊಮ್ಮೆ ತಲೆಗೆ ನೀರೆರೆದುಕೊಂಡ ದಿನ ತಲೆನೋವು ಬರುತ್ತದೆ ಎಂಬ ಹೆಂಗಸರ ಮಾತನ್ನು ಮುಂಬಯಿಯ ತಜ್ಞ ಕೆ. ರವಿಶಂಕರ್ ಗಂಭೀರವಾಗಿ ಪರಿಗಣಿಸಿ, ಅಂಥ 94 ಭಾರತೀಯ ರೋಗಿಗಳ ಅವಲೋಕನವನ್ನು 2006ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಪಸ್ಮಾರದ 279 ಪ್ರಕರಣಗಳನ್ನು ವಿವರಿಸಿದ್ದರು. ಎರಡೂ ಬೇರೆಬೇರೆ ಕಾಯಿಲೆಗಳು. ಆದರೆ ಬಚ್ಚಲುಮನೆಯ ಮಾತು ನರವಿಜ್ಞಾನದ ಜ್ಞಾನವಾಗಬಲ್ಲದು ಎಂಬುದಕ್ಕೆ ಎರಡೂ ನಿದರ್ಶನಗಳು.

5. ಬಿಳಿ ಚುಕ್ಕೆಗಳು ಮತ್ತು ‘ನಾರ್ಮಲ್’ ವರದಿ

ಅರೆತಲೆನೋವು ಮಿದುಳಿನಲ್ಲಿ ಗುರುತು ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು ಮುಖ್ಯ ಉತ್ತರ ನೀಡಿದೆ. 2004ರಲ್ಲಿ ಪ್ರಕಟವಾದ ಅದರಲ್ಲಿ ಅರೆತಲೆನೋವಿರುವ 295 ಜನರನ್ನು ಇಲ್ಲದ 140 ಜನರೊಡನೆ ಹೋಲಿಸಲಾಯಿತು. ಮಿದುಳಿನ ಹಿಂಭಾಗದ ರಕ್ತಸಂಚಾರ ವಲಯದಲ್ಲಿ, ಅನುಭವಕ್ಕೆ ಬಾರದ ಸಣ್ಣ ಹಾನಿಯ ಗುರುತುಗಳು ಮೊದಲ ಗುಂಪಿನ ಶೇ. 5.4ರಷ್ಟು ಜನರಲ್ಲಿಯೂ ಎರಡನೆಯದರ ಶೇ. 0.7ರಷ್ಟು ಜನರಲ್ಲಿಯೂ ಕಂಡವು. ಮಹಿಳೆಯರಲ್ಲಿ ಮಿದುಳಿನ ಬಿಳಿ ಭಾಗದ ಚುಕ್ಕೆಗಳೂ ಹೆಚ್ಚಿದ್ದವು. ಇಂಥ ಸಂಗತಿಗಳು ಭಯ ಹುಟ್ಟಿಸುವುದು ಸಹಜ. ಅವರಲ್ಲೇ ಹಲವರನ್ನು ಒಂಬತ್ತು ವರ್ಷಗಳ ಅನಂತರ ಮತ್ತೆ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಬಂದಿತು. ಮಹಿಳೆಯರಲ್ಲಿ ಚುಕ್ಕೆಗಳು ಹೆಚ್ಚಿದವರ ಪ್ರಮಾಣ ಬೇನೆಯಿದ್ದವರಲ್ಲಿ ಶೇ. 77, ಇಲ್ಲದವರಲ್ಲಿ ಶೇ. 60. ಆದರೆ ಆ ಚುಕ್ಕೆಗಳಿಗೂ ನೆನಪು, ಬುದ್ಧಿಶಕ್ತಿಗಳ ಕುಂದಿಗೂ ಸಂಬಂಧ ಕಾಣಲಿಲ್ಲ. ವರದಿಯ ಚುಕ್ಕೆಯನ್ನು ಕಂಡು ಹೆದರಬೇಕಿಲ್ಲ ಎಂಬುದು ಇದರ ಸಾರ.

ಇವೆಲ್ಲವೂ ಗುಂಪುಗಳನ್ನು ಹೋಲಿಸಿ, ದಾಳಿಯ ಕ್ಷಣವನ್ನು ಕಾದು, ವಿಶೇಷ ಲೆಕ್ಕಾಚಾರಗಳಿಂದ ಪಡೆದ ಚಿತ್ರಗಳು ಎಂಬುದನ್ನು ಮರೆಯಬಾರದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ತೆಗೆಯುವ ಸ್ಕ್ಯಾನ್ ಇದನ್ನು ತೋರಿಸುವುದಿಲ್ಲ. ಗಡ್ಡೆ, ರಕ್ತಸ್ರಾವ, ಸೋಂಕು ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಅದರ ಕೆಲಸ. ಹಿಂದೆಂದೂ ಕಾಣದ ತೀವ್ರತೆಯ ನೋವು ಒಮ್ಮೆಗೇ ಎರಗಿದಾಗ, ಜ್ವರದೊಡನೆ ಕುತ್ತಿಗೆ ಸೆಟೆದಾಗ, ಕೈಕಾಲಿನ ಶಕ್ತಿ ಕುಂದಿದಾಗ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅತ್ಯಗತ್ಯ. ಉಳಿದಂತೆ ಅರೆತಲೆನೋವಿನ ರೋಗಿಯ ವರದಿ ಬಹುತೇಕ ‘ನಾರ್ಮಲ್’ ಎಂದೇ ಬರುತ್ತದೆ.

ತೊಡಕು ಇರುವುದು ಇಲ್ಲಿಯೇ. ಕೊಪ್ಪಳ ಸೀಮೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹುಕಾಲ ಹುಬ್ಬಳ್ಳಿ ಇಲ್ಲವೆ ಬಳ್ಳಾರಿ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ, ಬಳ್ಳಾರಿಯದು 1961ರಲ್ಲಿ ಆರಂಭವಾದರೆ, ಕೊಪ್ಪಳಕ್ಕೆ ತನ್ನದೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ದುಡಿಮೆ ಬಿಟ್ಟು, ಸಾಲ ಮಾಡಿ, ಊರು ದಾಟಿ ತೆಗೆಸಿದ ಚಿತ್ರದಲ್ಲಿ ಏನೂ ಇಲ್ಲವೆಂದಾದರೆ ಮನೆಯವರು ತಳೆಯುವ ತೀರ್ಮಾನವೇನು? “ಏನೂ ಇಲ್ಲಂತ, ಬರೇ ನೆವ ಮಾಡ್ತಾಳ” ಎಂಬ ಮಾತು ಹುಟ್ಟುವುದು ಇಂಥ ಸಂದರ್ಭದಲ್ಲಿ. ಹಿಂದೆ ಗಾಳಿ ಸೋಕಿದೆ, ನೆದರಾಗಿದೆ ಎನ್ನುತ್ತಿದ್ದಾಗ ನೋವಿಗೆ ತಪ್ಪು ಕಾರಣ ಹೇಳಿದರೂ ನೋವು ನಿಜವೆಂಬುದನ್ನು ಸಮುದಾಯ ಒಪ್ಪುತ್ತಿತ್ತು. ಯಂತ್ರವನ್ನು ತಪ್ಪಾಗಿ ಓದಿದ ಹೊಸ ವ್ಯವಸ್ಥೆಯು ನೋವನ್ನೇ ಅಲ್ಲಗಳೆಯುವ ಅಪಾಯವಿದೆ.

6. ಕನ್ನಡದಲ್ಲಿ ಕೇಳಿದ ಪ್ರಶ್ನೆಗಳು

ಈ ಬೇನೆಯ ವ್ಯಾಪ್ತಿಯನ್ನು ಕರ್ನಾಟಕದಲ್ಲಿ ಅಳೆದ ಮುಖ್ಯ ಪ್ರಯತ್ನವು ಸ್ಕ್ಯಾನ್‌ನಿಂದಲ್ಲ, ಪ್ರಶ್ನೆಗಳಿಂದ ನಡೆಯಿತು. ನಿಮ್ಹಾನ್ಸ್‌ನ ಜಿ. ಗುರುರಾಜ್, ಗಿರೀಶ್ ಕುಲಕರ್ಣಿ ಮತ್ತು ಸಂಗಡಿಗರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ಸಂದರ್ಶಿಸಿದರು. ಅದಕ್ಕಾಗಿ ಅಂತರರಾಷ್ಟ್ರೀಯ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಮೊದಲು ಒರೆಗೆ ಹಚ್ಚಲಾಗಿತ್ತು. ಒಂದು ವರ್ಷದ ಅವಧಿಯಲ್ಲಿ ಯಾವುದಾದರೂ ತಲೆನೋವು ಕಂಡವರು ಶೇ. 63.9, ಅರೆತಲೆನೋವಿನ ಪ್ರಮಾಣ ಶೇ. 25.2. ಮಹಿಳೆಯರಲ್ಲಿ ಅದು ಪುರುಷರಿಗಿಂತ ಸ್ಪಷ್ಟವಾಗಿ ಹೆಚ್ಚಾಗಿತ್ತು. ದುಡಿಯುವ ವಯಸ್ಸಿನ ನಾಲ್ವರಲ್ಲಿ ಒಬ್ಬರು ಎಂಬ ಈ ಅಂಕಿ ತಲೆನೋವನ್ನು ನಗರದ ಓದಿದವರ ಬೇನೆಯೆಂದು ಭಾವಿಸುವವರಿಗೆ ತಕ್ಕ ಉತ್ತರವಾಗಿದೆ.

ಸಮೀಕ್ಷೆ ನಡೆದದ್ದು ದಕ್ಷಿಣದ ಕನ್ನಡದಲ್ಲಿ. ‘ತಲೆನೋವು’ ಎಂಬ ಪದಕ್ಕೆ ‘ತಲಿಬ್ಯಾನಿ’ ಎನ್ನುವ, ಲಕ್ಷಣದ ಬದಲು ‘ಪಿತ್ತ’ ಎಂದೇ ಕಾಯಿಲೆಯನ್ನು ಕರೆಯುವ ಸೀಮೆಯಲ್ಲಿ ಅದೇ ಪ್ರಶ್ನೆ ಅದೇ ಉತ್ತರವನ್ನು ತಾರದಿರಬಹುದು. “ಪಿತ್ತ ಆಗೈತಿ” ಎಂದವಳನ್ನು ಹೊಟ್ಟೆಯ ರೋಗಿಯೆಂದು ತಿಳಿದು ಆಮ್ಲದ ಮಾತ್ರೆ ಕೊಟ್ಟು ಕಳುಹಿಸಿದರೆ ನಿದಾನ ತಪ್ಪುತ್ತದೆ. ಅಂಗಡಿಯ ನೋವಿನ ಮಾತ್ರೆಯನ್ನು ಬಹುತೇಕ ದಿನನಿತ್ಯ ನುಂಗುವ ರೂಢಿಯಿಂದಲೇ ಇನ್ನೊಂದು ಬಗೆಯ ತಲೆನೋವು ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆಯೂ ಅಂಥವರಿಗೆ ತಲುಪುವುದಿಲ್ಲ. ದಾಳಿಯನ್ನು ತಡೆಯುವ, ಶಮನಗೊಳಿಸುವ ಔಷಧಗಳು ಇಂದು ಇವೆ. ಅವುಗಳ ಬಾಗಿಲು ತೆರೆಯುವುದು ಸರಿಯಾಗಿ ಕೇಳಿಸಿಕೊಂಡ ಮಾತಿನಿಂದ.

7. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಮಿದುಳು ಚಿತ್ರಣವು ಅರೆತಲೆನೋವು ದೇಹದೊಳಗೆ ನಿಜವಾಗಿ ನಡೆಯುವ, ಹಲವು ಹಂತಗಳುಳ್ಳ ಕ್ರಿಯೆಯೆಂದು ಸ್ಥಾಪಿಸಿದೆ. ಎರಡು, ಆ ಹಂತಗಳಲ್ಲಿ ಬಹುಪಾಲನ್ನು ನೊಂದವರ ನುಡಿ ಮೊದಲೇ ಗುರುತಿಸಿತ್ತು. ಕಾರಣಗಳ ವಿಷಯದಲ್ಲಿ ಅದು ತಪ್ಪಿರಬಹುದು, ಲಕ್ಷಣಗಳ ವಿಷಯದಲ್ಲಿ ತಪ್ಪಿದ್ದು ಕಡಿಮೆ. ಮೂರು, ಒಬ್ಬ ವ್ಯಕ್ತಿಯ ಬೇನೆಯನ್ನು ನಿರ್ಧರಿಸುವ ಸಾಧನ ಇಂದಿಗೂ ಮಾತೇ ಹೊರತು ಚಿತ್ರವಲ್ಲ.

ಈ ಹಿನ್ನೆಲೆಯಲ್ಲಿ ಕೊಪ್ಪಳ ಜಿಲ್ಲೆಯ ತಾಲೂಕುಗಳಲ್ಲಿ ಬೇನೆ, ನೋವು, ಶೂಲೆ, ಸಿಡಿತ, ಪಿತ್ತ ಮೊದಲಾದ ನೋವಿನ ನುಡಿಗಳ ಕೋಶವೊಂದು ಸಿದ್ಧವಾಗುವುದು ಅಗತ್ಯ. ಜಾನಪದ ವಿದ್ವಾಂಸರೂ ವೈದ್ಯರೂ ಕೂಡಿ ಮಾಡಬೇಕಾದ ಕೆಲಸವಿದು. ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಗಳ ಮತ್ತು ಆಶಾ ಕಾರ್ಯಕರ್ತೆಯರ ಕೈಗೆ ಅಂಥ ಕೋಶ ದೊರೆತರೆ ಹೊರರೋಗಿ ವಿಭಾಗದಲ್ಲಿ ಆಡಿದ ಮಾತು ಪೋಲಾಗುವುದು ತಪ್ಪುತ್ತದೆ. ಜಾನಪದವನ್ನು ಹಾಡು, ಕತೆ, ಕುಣಿತಗಳಿಗೆ ಮಾತ್ರ ಸೀಮಿತಗೊಳಿಸದೆ, ನೊಂದವರು ತಮ್ಮ ಮೈಯನ್ನು ಅರಿತು ಹೇಳುವ ಜ್ಞಾನವಾಗಿಯೂ ಕಾಣಬೇಕಾದ ಕಾಲ ಬಂದಿದೆ. ವರದಿಯಲ್ಲಿ ‘ನಾರ್ಮಲ್’ ಎಂದು ಬರೆದಿದ್ದರೆ ಅದರ ಅರ್ಥ ಬೇರೆ ಅಪಾಯಕಾರಿ ಕಾಯಿಲೆ ಕಾಣಲಿಲ್ಲ ಎಂದಷ್ಟೇ; ನೋವಿಲ್ಲವೆಂದಲ್ಲ. ಈ ಒಂದು ವ್ಯತ್ಯಾಸವನ್ನು ವೈದ್ಯರು ರೋಗಿಗೂ, ರೋಗಿಯೊಡನೆ ಬಂದ ಮನೆಯವರಿಗೂ ಅವರದೇ ನುಡಿಯಲ್ಲಿ ತಿಳಿಸಿ ಹೇಳಬೇಕಾಗಿದೆ.